ಕಮ್ಯುನಿಸಂ ಅನ್ನು ಬೈದ ಸಿನಿಮಾ, ಪುಸ್ತಕ, ಹಾಡು: ಯಾವುದು ನಿಂತಿತು, ಯಾವುದು ಉದುರಿತು?

ರೀಲುಹುಳ

ಹೋದ ವಾರ ಎರಡು ಸಿನಿಮಾ ಒಂದರ ಬೆನ್ನಿಗೆ ಒಂದು ನೋಡಿದೆ. ಮೊದಲು 1985ರ ‘ರಾಕಿ 4’. ಆಮೇಲೆ 2006ರ ಜರ್ಮನ್ ಸಿನಿಮಾ ‘ದ ಲೈವ್ಸ್ ಆಫ್ ಅದರ್ಸ್’. ಎರಡೂ ಕಮ್ಯುನಿಸ್ಟ್ ಆಡಳಿತವನ್ನು ಬೈಯುವ ಸಿನಿಮಾಗಳೇ. ಮೊದಲನೆಯದು ನೋಡಿ ನಗು ಬಂತು. ಎರಡನೆಯದು ನೋಡಿ ನಿದ್ದೆ ಬರಲಿಲ್ಲ.

‘ರಾಕಿ 4’ರ ಸೋವಿಯತ್ ಬಾಕ್ಸರ್ ಮನುಷ್ಯನೇ ಅಲ್ಲ. ಅವನ ಸುತ್ತ ಬರೀ ಮೆಷಿನ್ನು, ಸೂಜಿಮದ್ದು. ನಮ್ಮ ಹೀರೋ ಮಾತ್ರ ಹಿಮದಲ್ಲಿ ಮರ ಕಡಿದು, ಬೆಟ್ಟ ಹತ್ತಿ ತಯಾರಾಗುತ್ತಾನೆ. ಕೊನೆಗೆ ಮಾಸ್ಕೋದ ಜನ, ಪಕ್ಷದ ದೊಡ್ಡ ತಲೆಗಳು, ಎಲ್ಲರೂ ಎದ್ದು ನಿಂತು ಅವನಿಗೆ ಚಪ್ಪಾಳೆ ಹೊಡೆಯುತ್ತಾರೆ. ಎರಡನೇ ಸಿನಿಮಾದಲ್ಲಿ ಇಂಥದ್ದೇನೂ ಇಲ್ಲ. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿಯ ಒಬ್ಬ ಅಧಿಕಾರಿ ಅಟ್ಟದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾನೆ. ಕೆಳಗಿನ ಮನೆಯವರ ಬದುಕನ್ನು ಟೈಪ್ ಮಾಡುತ್ತಾನೆ. ಅಷ್ಟೇ.

ಪ್ರಶ್ನೆ ಇಷ್ಟು. ಈ ಜಾತಿಯ ಕೃತಿಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹತ್ತೇ ವರ್ಷಕ್ಕೆ ಹಳಸುತ್ತದೆ? ಯಾಕೆ? ಯಾವ ಸಿದ್ಧಾಂತ ಸರಿ ಅನ್ನುವ ಜಗಳ ಇಲ್ಲಿ ಬೇಡ. ಅದಕ್ಕೆ ಬೇರೆ ಜಾಗ ಬೇಕಾದಷ್ಟಿದೆ.

ಹಳೇಪುಸ್ತಕ

ನನ್ನ ಉತ್ತರ ಸುಲಭದ್ದು. ಮಾಡು ಎಲ್ಲಿ ಸೋರುತ್ತದೆ ಅಂತ ಮನೆಯೊಳಗೆ ಮಲಗಿದವರಿಗೆ ಗೊತ್ತು. ಬೀದಿಯಲ್ಲಿ ನಿಂತು ನೋಡುವವರಿಗೆ ಗೋಡೆಯ ಬಣ್ಣ ಮಾತ್ರ ಕಾಣುತ್ತದೆ.

ಆರ್ವೆಲ್‌ನನ್ನೇ ನೋಡಿ. ಆ ಇಂಗ್ಲಿಷ್ ಲೇಖಕ ಬಲಪಂಥದವನಲ್ಲ, ಸಾಯುವವರೆಗೂ ತನ್ನನ್ನು ಸಮಾಜವಾದಿ ಅಂತಲೇ ಕರೆದುಕೊಂಡ. ಸ್ಪೇನಿನ ಅಂತರ್ಯುದ್ಧದಲ್ಲಿ ಎಡಪಕ್ಷವೊಂದರ ಸೇನೆ ಸೇರಿ ಜನರಲ್ ಫ್ರಾಂಕೋ ವಿರುದ್ಧ ಹೋರಾಡಿದ. 1937ರಲ್ಲಿ ಗಂಟಲಿಗೆ ಗುಂಡು ಬಿತ್ತು. ಬದುಕಿ ಆಸ್ಪತ್ರೆಯಿಂದ ಹೊರಗೆ ಬಂದರೆ, ಸ್ಟಾಲಿನ್ ಕಡೆಯ ಕಮ್ಯುನಿಸ್ಟರು ಇವನ ಪಕ್ಷದವರನ್ನೇ ದ್ರೋಹಿಗಳು ಅಂತ ಹಿಡಿದು ಜೈಲಿಗೆ ಹಾಕುತ್ತಿದ್ದಾರೆ! ಹೆಂಡತಿಯ ಜೊತೆ ಗಡಿ ದಾಟಿ ಓಡಿಹೋದ. ಯಜಮಾನನ ಮೇಲೆ ದಂಗೆ ಎದ್ದ ಪ್ರಾಣಿಗಳು ಕೊನೆಗೆ ಹಂದಿಗಳ ಆಳ್ವಿಕೆಗೆ ಸಿಕ್ಕಿಬೀಳುವ ಕಥೆ ‘ಅನಿಮಲ್ ಫಾರ್ಮ್’ ಹುಟ್ಟಿದ್ದು ಆ ಓಟದಿಂದ.

ಆ ಪುಸ್ತಕಕ್ಕೆ ಪ್ರಕಾಶಕರೇ ಸಿಗಲಿಲ್ಲ. ಆಗ ಸೋವಿಯತ್ ಒಕ್ಕೂಟ ಬ್ರಿಟನ್ನಿನ ಮಿತ್ರ, ಸುಮ್ನೆ ಯಾಕೆ ತಲೆನೋವು ಅನ್ನುವ ಲೆಕ್ಕಾಚಾರ. ಫೇಬರ್ ಸಂಸ್ಥೆಯಲ್ಲಿದ್ದ ಕವಿ ಟಿ. ಎಸ್. ಎಲಿಯಟ್ ಕೂಡ ಬೇಡ ಅಂದ. ಜೊನಾಥನ್ ಕೇಪ್ ಸಂಸ್ಥೆ ಮೊದಲು ಒಪ್ಪಿ, ಆಮೇಲೆ ಸರ್ಕಾರದ ಒಬ್ಬ ಅಧಿಕಾರಿಯ ಸಲಹೆ ಕೇಳಿ ಹಿಂದೆ ಸರಿಯಿತು. ಆ ಅಧಿಕಾರಿ ಸೋವಿಯತ್ ಗೂಢಚಾರ ಅನ್ನುವುದು ಬಹಳ ವರ್ಷಗಳ ಮೇಲೆ ಹೊರಗೆ ಬಂತು. ಕಥೆಯಲ್ಲಿ ಹೀಗೆ ಬರೆದರೆ ಓದುಗರು ನಂಬುತ್ತಿರಲಿಲ್ಲ. ಕೊನೆಗೆ 1945ರ ಆಗಸ್ಟಿನಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಪುಸ್ತಕ ಬಂತು.

ಕಾದಂಬರಿಕಾರ ಆರ್ಥರ್ ಕೋಸ್ಲರ್ ಕೂಡ ಹಾಗೇ. ಏಳು ವರ್ಷ ಜರ್ಮನ್ ಕಮ್ಯುನಿಸ್ಟ್ ಪಕ್ಷದಲ್ಲಿದ್ದು, 1938ರಲ್ಲಿ ಬಿಟ್ಟು ಬಂದವನು. 1940ರಲ್ಲಿ ಬಂದ ‘ಡಾರ್ಕ್‌ನೆಸ್ ಅಟ್ ನೂನ್’ ಓದಿ. ಹಳೆಯ ಕ್ರಾಂತಿಕಾರಿ ರುಬಾಶೋವ್‌ನನ್ನು ಅವನ ಪಕ್ಷವೇ ಜೈಲಿಗೆ ಹಾಕಿ ಸುಳ್ಳು ತಪ್ಪೊಪ್ಪಿಗೆ ಕೇಳುತ್ತದೆ. ಹೊಡೆತಕ್ಕೆ ಹೆದರಿ ಅವನು ಒಪ್ಪುವುದಿಲ್ಲ. ಒಪ್ಪಿದರೆ ಪಕ್ಷಕ್ಕೆ ಕೊನೆಯದಾಗಿ ಒಂದು ಸೇವೆ ಮಾಡಿದ ಹಾಗೆ ಅಂತ ತನ್ನದೇ ತರ್ಕದಿಂದ ತನ್ನನ್ನೇ ಕಟ್ಟಿಹಾಕಿಕೊಂಡು ಒಪ್ಪುತ್ತಾನೆ. ಹೊರಗಿನವನಿಗೆ ಈ ತರ್ಕ ಹೊಳೆಯುವುದೇ ಇಲ್ಲ.

ಅಡ್ಡಪ್ರಶ್ನೆ

ಚೆನ್ನಾಗಿದೆ. ಆದರೆ ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ನಾನು ಬಂದೆ.

‘ಅನಿಮಲ್ ಫಾರ್ಮ್’ ಕಾರ್ಟೂನ್ ಸಿನಿಮಾ 1954ರಲ್ಲಿ ಬಂತಲ್ಲ, ಅದಕ್ಕೆ ಹಿಂದಿನಿಂದ ದುಡ್ಡು ಸುರಿದದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಆರ್ವೆಲ್ 1950ರಲ್ಲೇ ತೀರಿಕೊಂಡಿದ್ದ, ಕೇಳೋಣ ಅಂದರೆ ಅವನೇ ಇರಲಿಲ್ಲ. ಸೋವಿಯತ್ ಒಕ್ಕೂಟ ಅಚ್ಚು ಹಾಕಲು ಬಿಡದ ಪಾಸ್ಟರ್ನಾಕ್ ಕಾದಂಬರಿ ‘ಡಾಕ್ಟರ್ ಜಿವಾಗೊ’ದ ರಷ್ಯನ್ ಆವೃತ್ತಿ 1958ರಲ್ಲಿ ಕದ್ದುಮುಚ್ಚಿ ಅಚ್ಚಾದದ್ದೂ ಅವರ ದುಡ್ಡಿನಲ್ಲೇ. ಬ್ರಸೆಲ್ಸ್ ವಿಶ್ವ ಮೇಳದಲ್ಲಿ, ಅದೂ ವ್ಯಾಟಿಕನ್ ಮಳಿಗೆಯಲ್ಲಿ, ಸೋವಿಯತ್ ಪ್ರವಾಸಿಗರ ಕೈಗೆ ತುರುಕಿದರು. ಅವರು ನೀಲಿ ರಟ್ಟು ಕಿತ್ತೆಸೆದು, ಹಾಳೆಗಳನ್ನು ಜೇಬಿಗೆ ಇಳಿಸಿಕೊಂಡು ಹೋದರು. ‘ಎನ್‌ಕೌಂಟರ್’ ಅನ್ನುವ ಭಾರಿ ಮರ್ಯಾದಸ್ಥ ಸಾಹಿತ್ಯ ಪತ್ರಿಕೆಯೂ ಅದೇ ದುಡ್ಡಿನಲ್ಲಿ ನಡೆಯುತ್ತಿತ್ತು ಅಂತ 1967ರಲ್ಲಿ ಬಯಲಾಯಿತು.

ಒಳಗಿನವನ ನೋವು ನಿಜವೇ ಇರಬಹುದು. ಆದರೆ ಅದು ನಮ್ಮ ಕೈಗೆ ಬಂದಿರುವುದು ಯಾರ ಲಾರಿಯಲ್ಲಿ?

ಹಳೇಪುಸ್ತಕ

ಲಾರಿ ಯಾರದೋ ಆಗಲಿ, ಒಳಗಿನ ಅಕ್ಕಿ ಯಾರದು ಅನ್ನುವುದು ನನ್ನ ಪ್ರಶ್ನೆ. ಅಕ್ಕಿ ಅವರದಲ್ಲ ಅನ್ನುವುದಕ್ಕೆ ನೀವು ಹೇಳಿದ ಕಾರ್ಟೂನೇ ಸಾಕ್ಷಿ.

ಪುಸ್ತಕದ ಕೊನೆ ನೆನಪಿದೆಯಾ? ಹಂದಿಗಳೂ ಮನುಷ್ಯರೂ ಒಂದೇ ಮೇಜಿಗೆ ಕೂತು ಇಸ್ಪೀಟು ಆಡುತ್ತಿರುತ್ತಾರೆ. ಕಿಟಕಿಯ ಹೊರಗಿನ ಪ್ರಾಣಿಗಳಿಗೆ ಯಾರು ಹಂದಿ, ಯಾರು ಮನುಷ್ಯ ಅಂತ ಗುರುತೇ ಸಿಗುವುದಿಲ್ಲ. ಹಳೆಯ ಯಜಮಾನ, ಹೊಸ ಯಜಮಾನ ಇಬ್ಬರಿಗೂ ಅಲ್ಲಿ ಪೆಟ್ಟಿದೆ. ಆ ಎರಡನೇ ಪೆಟ್ಟು ದುಡ್ಡು ಕೊಟ್ಟವರಿಗೆ ಹಿಡಿಸಲಿಲ್ಲ. ಸಿನಿಮಾದಲ್ಲಿ ಮನುಷ್ಯರನ್ನು ಆ ಕೋಣೆಯಿಂದ ತೆಗೆದುಬಿಟ್ಟರು. ಪ್ರಾಣಿಗಳು ಹಂದಿಗಳ ಮೇಲೆ ಎರಡನೇ ಸಲ ದಂಗೆ ಏಳುವ ಹಾಗೆ ಮಾಡಿದರು. ಪುಸ್ತಕ ಅವರ ಮಾತನ್ನೇ ಆಡುತ್ತಿದ್ದರೆ ಕೊನೆ ಬದಲಿಸುವ ಕಷ್ಟ ಯಾಕೆ ಬೇಕಿತ್ತು?

ಇನ್ನೊಂದು ಸಂಗತಿ ಇದೆ. 1947ರಲ್ಲಿ ಯುದ್ಧದಿಂದ ನೆಲೆ ತಪ್ಪಿ ಜರ್ಮನಿಯ ಶಿಬಿರಗಳಲ್ಲಿದ್ದ ಉಕ್ರೇನಿನವರಿಗಾಗಿ ಆ ಪುಸ್ತಕದ ಉಕ್ರೇನಿಯನ್ ಅನುವಾದ ಬಂತು. ಆರ್ವೆಲ್ ಒಂದು ಕಾಸೂ ಸಂಭಾವನೆ ತೆಗೆದುಕೊಳ್ಳದೆ ಮುನ್ನುಡಿ ಬರೆದುಕೊಟ್ಟ. ಆ ಪ್ರತಿಗಳಲ್ಲಿ ಒಂದಷ್ಟನ್ನು ಅಮೆರಿಕದ ಸೇನೆಯೇ ಜಪ್ತಿ ಮಾಡಿ ಸೋವಿಯತ್ ಕಡೆಯವರಿಗೆ ಒಪ್ಪಿಸಿತು! ಏಳೇ ವರ್ಷದಲ್ಲಿ ಅದೇ ದೇಶದ ದುಡ್ಡಿನಲ್ಲಿ ಸಿನಿಮಾ.

ಜಿವಾಗೊ ಹಸ್ತಪ್ರತಿಯನ್ನು ಮೊದಲು ಅಚ್ಚು ಹಾಕಿದವನು ಯಾರು ಅಂತಲೂ ಹೇಳಿಬಿಡಿ. 1957ರಲ್ಲಿ ಇಟಲಿಯ ಫೆಲ್ಟ್ರಿನೆಲ್ಲಿ. ಕಮ್ಯುನಿಸ್ಟ್ ಪಕ್ಷದ ಸದಸ್ಯ! ಹಸ್ತಪ್ರತಿ ವಾಪಸ್ ಕೊಡು ಅಂತ ಪಕ್ಷ ಎಷ್ಟು ಒತ್ತಿದರೂ ಬಗ್ಗಲಿಲ್ಲ.

ರೀಲುಹುಳ

ಇದಕ್ಕೆ ಹಾಲಿವುಡ್ ಕಡೆಯಿಂದ ನನ್ನದೊಂದು ಕಂತು.

1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಹಾಲಿವುಡ್‌ನಲ್ಲಿ ಕಮ್ಯುನಿಸ್ಟರನ್ನು ಹುಡುಕಲು ಶುರುಮಾಡಿತು. ಉತ್ತರ ಕೊಡಲ್ಲ ಅಂದ ಹತ್ತು ಜನ ಜೈಲಿಗೆ ಹೋದರು. ಸ್ಟುಡಿಯೋಗಳು ಬೆವತವು. ನಾವು ದೇಶಭಕ್ತರು ಅಂತ ತೋರಿಸಲು ಸಾಲುಸಾಲು ಸಿನಿಮಾ ಮಾಡಿದವು. ‘ದ ರೆಡ್ ಮೆನೇಸ್’, ‘ಬಿಗ್ ಜಿಮ್ ಮೆಕ್ಲೇನ್’, ‘ಮೈ ಸನ್ ಜಾನ್’. ಇವತ್ತು ಯಾರಾದರೂ ನೋಡುತ್ತಾರಾ? ‘ಐ ವಾಸ್ ಎ ಕಮ್ಯುನಿಸ್ಟ್ ಫಾರ್ ದ ಎಫ್‌ಬಿಐ’ ಅಂತ ಒಂದಿತ್ತು, 1951ರದ್ದು. ನಟರು ಇರುವ, ಕಥೆ ಕಟ್ಟಿರುವ ಸಿನಿಮಾ. ಅದು ಆಸ್ಕರ್‌ಗೆ ನಾಮನಿರ್ದೇಶನ ಆದದ್ದು ಸಾಕ್ಷ್ಯಚಿತ್ರ ವಿಭಾಗದಲ್ಲಿ!

‘ಮೈ ಸನ್ ಜಾನ್’ ಕಥೆ ಇನ್ನೂ ವಿಚಿತ್ರ. ಮಗ ಕಮ್ಯುನಿಸ್ಟ್ ಇರಬಹುದಾ ಅಂತ ತಾಯಿಗೆ ಅನುಮಾನ, ಅಷ್ಟೇ ಕಥೆ. ಚಿತ್ರೀಕರಣ ಮುಗಿಯುವ ಮುಂಚೆ ಮಗನ ಪಾತ್ರದ ನಟ ತೀರಿಕೊಂಡ. ಹಿಚ್‌ಕಾಕ್ ಸಿನಿಮಾವೊಂದರಲ್ಲಿ ಅವನು ಸಾಯುವ ದೃಶ್ಯದ ತುಣುಕು ತಂದು ಇಲ್ಲಿ ಅಂಟಿಸಿ ಕಥೆ ಮುಗಿಸಿದರು. ಅದು ಕೊಲೆಗಡುಕನ ಪಾತ್ರ. ತೇಪೆ ಎದ್ದು ಕಾಣುತ್ತದೆ.

ಇವೆಲ್ಲ ಭಯದಿಂದ ಹುಟ್ಟಿದ ಸಿನಿಮಾಗಳು. ಆದರೆ ಅವು ಯಾವುದಕ್ಕೆ ಹೆದರಬೇಕು ಅಂತ ನಮಗೆ ಹೇಳುತ್ತಿದ್ದವೋ ಆ ಭಯ ಅಲ್ಲ. ಕೆಲಸ ಹೋಗುತ್ತದೆ ಅನ್ನುವ ಭಯ. ನೋಡುವಾಗ ಅದು ಗೊತ್ತಾಗಿಬಿಡುತ್ತದೆ.

ಅದೇ ಕಾಲದಲ್ಲಿ 1952ರ ‘ಹೈ ನೂನ್’ ಬಂತು. ಚಿತ್ರಕಥೆ ಬರೆದ ಕಾರ್ಲ್ ಫೋರ್ಮನ್‌ಗೂ ಸಮಿತಿಯಿಂದ ಕರೆ ಬಂದಿತ್ತು, ಆಮೇಲೆ ಕೆಲಸ ಸಿಗದೆ ಇಂಗ್ಲೆಂಡಿಗೆ ಹೋದ. ಊರೆಲ್ಲ ಬಾಗಿಲು ಹಾಕಿಕೊಂಡಾಗ ಒಬ್ಬನೇ ನಿಲ್ಲುವ, ಊರ ಕಾವಲಿನ ಮಾರ್ಷಲ್‌ನ ಕಥೆ ಅದು. ಸಹೋದ್ಯೋಗಿಗಳು ಕೈಬಿಟ್ಟದ್ದನ್ನೇ ಅವನು ಬರೆದದ್ದು. ಅಂದರೆ ಕಮ್ಯುನಿಸ್ಟ್ ಬೇಟೆಯ ವಿರುದ್ಧದ ಸಿನಿಮಾ. ಈಗ 1989ಕ್ಕೆ ಬನ್ನಿ. ಪೋಲೆಂಡಿನಲ್ಲಿ ಜೂನ್ 4ರ ಚುನಾವಣೆ. ಕಮ್ಯುನಿಸ್ಟ್ ಸರ್ಕಾರದ ಎದುರು ನಿಂತಿದ್ದ ಸಾಲಿಡಾರಿಟಿ ಸಂಘಟನೆ ಒಂದು ಪೋಸ್ಟರ್ ಅಂಟಿಸಿತು. ಅದರಲ್ಲಿದ್ದದ್ದು ‘ಹೈ ನೂನ್’ನ ಅದೇ ಮಾರ್ಷಲ್, ಆ ಪಾತ್ರದ ನಟ ಗ್ಯಾರಿ ಕೂಪರ್. ಪಿಸ್ತೂಲು ಇರಬೇಕಾದ ಕೈಯಲ್ಲಿ ಮತಪತ್ರ. ಎದೆಯ ಮೇಲೆ ಸಾಲಿಡಾರಿಟಿಯ ಬ್ಯಾಡ್ಜು.

ಅಡ್ಡಪ್ರಶ್ನೆ

ಅಬ್ಬಾ, ಈ ಪೋಸ್ಟರ್ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ.

ಆದರೆ ‘ಒಳಗಿನವರು ಬರೆದರೆ ಗಟ್ಟಿ’ ಅನ್ನುವ ಸೂತ್ರಕ್ಕೆ ನಾನು ಸುಮ್ನೆ ತಲೆ ಆಡಿಸಲ್ಲ. ಕಾದಂಬರಿಕಾರ್ತಿ ಐನ್ ರಾಂಡ್ 1905ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವಳು. ಕ್ರಾಂತಿ ಕಂಡವಳು, ಅಪ್ಪನ ಔಷಧಿ ಅಂಗಡಿ ಜಪ್ತಿ ಆದದ್ದನ್ನು ಕಂಡವಳು. ಅವಳಷ್ಟು ಒಳಗಿನವರು ಇನ್ಯಾರು? ಆದರೂ ಅವಳ ದೊಡ್ಡ ಕಾದಂಬರಿಗಳಲ್ಲಿ ಪಾತ್ರಗಳು ಮಾತಾಡಲ್ಲ, ಭಾಷಣ ಮಾಡುತ್ತವೆ. 1947ರ ಸಮಿತಿಯ ಮುಂದೆ ಹೋಗಿ, ಒಂದು ಹಾಲಿವುಡ್ ಸಿನಿಮಾದಲ್ಲಿ ರಷ್ಯದ ಜನ ಜಾಸ್ತಿ ನಗುತ್ತಾರೆ ಅಂತ ದೂರಿದ್ದೂ ಅವಳೇ.

ಹಳೇಪುಸ್ತಕ

ಅವಳ ಮೊದಲ ಕಾದಂಬರಿ ಓದಿದ್ದೀರಾ? 1936ರ ‘ವಿ ದ ಲಿವಿಂಗ್’. ಅದರಲ್ಲಿ ರೇಷನ್ ಸಾಲು ಇದೆ, ಸೀಮೆಎಣ್ಣೆ ಒಲೆಯ ಹೊಗೆ ಇದೆ. ಅವಳು ಕಂಡದ್ದು ಅದರಲ್ಲಿದೆ. ಭಾಷಣ ಜಾಸ್ತಿಯಾದದ್ದು ಅವಳು ಅಲ್ಲಿಂದ ದೂರ ಹೋದ ಹಾಗೆಲ್ಲ. ನನ್ನ ಸೂತ್ರಕ್ಕೆ ಇದು ಏಟಲ್ಲ, ಊರುಗೋಲು.

ಇಟಲಿಯಲ್ಲಿ 1942ರಲ್ಲಿ, ಮುಸೊಲಿನಿ ಕಾಲದಲ್ಲಿ, ಅದನ್ನೇ ಅವಳ ಅನುಮತಿ ಇಲ್ಲದೆ ಸಿನಿಮಾ ಮಾಡಿದರು. ರಷ್ಯವನ್ನು ಬೈಯುತ್ತದೆ, ನಮಗೆ ಒಳ್ಳೆಯದೇ ಅಂತ ಸರ್ಕಾರವೂ ಬಿಟ್ಟಿತು. ಜನ ಮುಗಿಬಿದ್ದು ನೋಡಿದರು. ಆಮೇಲೆ ತಲೆಗೆ ಹೊಳೆಯಿತು, ಇವರು ನೋಡುತ್ತಿರುವುದು ರಷ್ಯವನ್ನಲ್ಲ, ನಮ್ಮನ್ನೇ ಅಂತ. ಸಿನಿಮಾ ವಾಪಸ್ ತೆಗೆಸಿದರು.

ನಗೆಕೊಡೆ

ಇಷ್ಟೊತ್ತು ಓದಿದೆ. ಎಲ್ಲರೂ ಅಳುವುದನ್ನೇ ಮಾತಾಡುತ್ತಿದ್ದೀರಿ. ನಗಿಸಿದವರನ್ನು ಮರೆತಿರಾ?

ಹಂಗೇರಿಯ ‘ದ ವಿಟ್ನೆಸ್’ ನೋಡದಿದ್ದರೆ ಮೊದಲು ಅದನ್ನು ನೋಡಿ. ಪೇಟರ್ ಬಾಚೋ 1969ರಲ್ಲಿ ತೆಗೆದ. ಹತ್ತು ವರ್ಷ ಡಬ್ಬಿಯಲ್ಲೇ ಇತ್ತು, 1979ರಲ್ಲಿ ಹೊರಗೆ ಬಂತು. ಪೆಲಿಕಾನ್ ಅಂತ ಒಬ್ಬ ಪಾಪದ ಅಣೆಕಟ್ಟು ಕಾವಲುಗಾರ. ಪಕ್ಷ ಅವನಿಗೆ ಒಂದಾದ ಮೇಲೊಂದು ದೊಡ್ಡ ಹುದ್ದೆ ಕೊಡುತ್ತದೆ. ಪ್ರತಿ ಸಲವೂ ಎಡವಟ್ಟು, ಜೈಲು, ಮತ್ತೆ ಇನ್ನೂ ದೊಡ್ಡ ಹುದ್ದೆ. ಒಂದು ಸಲ ಹಂಗೇರಿಯಲ್ಲೇ ಕಿತ್ತಳೆ ಬೆಳೆಯುವ ಸಂಶೋಧನಾ ಸಂಸ್ಥೆಗೆ ಮುಖ್ಯಸ್ಥ. ಇಡೀ ಸಂಸ್ಥೆ ಬೆಳೆಸಿದ್ದು ಒಂದೇ ಒಂದು ಕಿತ್ತಳೆ. ದೊಡ್ಡ ನಾಯಕ ಬರುವ ಹೊತ್ತಿಗೆ ಅದನ್ನು ಮಗು ತಿಂದುಬಿಡುತ್ತದೆ. ಗಾಬರಿಯಲ್ಲಿ ಒಂದು ನಿಂಬೆಹಣ್ಣು ಕೊಡುತ್ತಾರೆ. ನಾಯಕ ಕಚ್ಚಿ ಮುಖ ಹುಳಿ ಮಾಡುತ್ತಾನೆ. ಇದು ಹೊಸ ಹಂಗೇರಿ ಕಿತ್ತಳೆ, ಸ್ವಲ್ಪ ಹಳದಿ, ಸ್ವಲ್ಪ ಹುಳಿ, ಆದರೆ ನಮ್ಮದೇ ಅಂತ ಪೆಲಿಕಾನ್ ಸಮಜಾಯಿಷಿ ಕೊಡುತ್ತಾನೆ. ಹಂಗೇರಿಯಲ್ಲಿ ಅದು ಗಾದೆಯೇ ಆಗಿಹೋಯಿತು.

ಚೆಕ್ ದೇಶದ ಮಿಲೋಶ್ ಫೋರ್ಮನ್ 1967ರಲ್ಲಿ ಮಾಡಿದ ‘ದ ಫೈರ್‌ಮೆನ್ಸ್ ಬಾಲ್’ನಲ್ಲಿ ಪಕ್ಷವೂ ಇಲ್ಲ, ಪೊಲೀಸೂ ಇಲ್ಲ. ಬೆಂಕಿ ಆರಿಸುವವರ ಒಂದು ಪಾರ್ಟಿ. ಲಾಟರಿಗೆ ಇಟ್ಟ ಬಹುಮಾನಗಳು ಒಂದೊಂದಾಗಿ ಮಾಯ. ಕದ್ದವರು ಸುಮ್ನೆ ವಾಪಸ್ ಇಡಲಿ ಅಂತ ಲೈಟ್ ಆರಿಸುತ್ತಾರೆ. ಲೈಟ್ ಹಾಕಿದಾಗ ಉಳಿದದ್ದೂ ಇಲ್ಲ! ಪ್ರಾಮಾಣಿಕವಾಗಿ ವಾಪಸ್ ಇಡಲು ಹೋದವನೊಬ್ಬನೇ ಸಿಕ್ಕಿಬೀಳುವುದು. ಯಾರ ಹೆಸರೂ ಎತ್ತಿಲ್ಲ, ಆದರೂ ಯಾರ ಬಗ್ಗೆ ಅಂತ ಸರ್ಕಾರಕ್ಕೆ ತಕ್ಷಣ ಗೊತ್ತಾಯಿತು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಬಂದಮೇಲೆ ಸಿನಿಮಾಕ್ಕೆ ಬೀಗ ಬಿತ್ತು.

ಹಾಲಿವುಡ್ ನಿರ್ದೇಶಕ ಬಿಲ್ಲಿ ವೈಲ್ಡರ್‌ಗೆ ಆದದ್ದು ಬೇರೆ ಥರದ ಪೇಚು. ಪೂರ್ವ–ಪಶ್ಚಿಮ ಎರಡನ್ನೂ ಗೇಲಿ ಮಾಡುವ ‘ಒನ್, ಟೂ, ತ್ರೀ’ ಅನ್ನು ಬರ್ಲಿನ್‌ನಲ್ಲಿ ಚಿತ್ರಿಸುತ್ತಿದ್ದ. ನಡುವೆಯೇ 1961ರ ಆಗಸ್ಟ್ 13ರಂದು ಗೋಡೆ ಎದ್ದಿತು. ಬ್ರಾಂಡೆನ್‌ಬರ್ಗ್ ಗೇಟಿನ ಹತ್ತಿರ ಹೋಗುವ ಹಾಗಿಲ್ಲ. ಮ್ಯೂನಿಕ್‌ನಲ್ಲಿ ಅದರದೇ ಸೆಟ್ ಹಾಕಿಸಿ ಮುಗಿಸಿದ. ಗೋಡೆ ಹತ್ತಲು ಹೋಗಿ ಜನ ಸಾಯುತ್ತಿದ್ದಾಗ ನಗು ಯಾರಿಗೆ ಬರುತ್ತದೆ? ನೆಲಕಚ್ಚಿತು. 1985ರಲ್ಲಿ ಜರ್ಮನಿಯಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಓಡಿತು.

ಹಳೇಪುಸ್ತಕ

ನಗೆಯ ವಿಷಯ ಬಂತಲ್ಲ, ಚೆಕ್ ಕಾದಂಬರಿಕಾರ ಕುಂದೇರಾನ ‘ದ ಜೋಕ್’ ಇಲ್ಲೇ ಬರಬೇಕು. 1967. ಹುಡುಗ ತನ್ನ ಹುಡುಗಿಯನ್ನು ರೇಗಿಸಲು ಒಂದು ಪೋಸ್ಟ್ ಕಾರ್ಡ್ ಬರೆಯುತ್ತಾನೆ. ಮೂರೇ ವಾಕ್ಯ. ಆಶಾವಾದವನ್ನು ಅಫೀಮು ಅಂದು, ಕೊನೆಗೆ ಸ್ಟಾಲಿನ್ ವೈರಿ ಟ್ರಾಟ್ಸ್ಕಿಗೆ ಜೈ ಅನ್ನುತ್ತಾನೆ. ಪಕ್ಷದಿಂದ, ಕಾಲೇಜಿನಿಂದ ಹೊರಗೆ. ಅಲ್ಲಿಂದ ಗಣಿ ಕೆಲಸ. ಅವನ ಗತಿ ಏನು ಅಂತ ಕೈ ಎತ್ತಿ ತೀರ್ಮಾನಿಸುವವರು ಅವನ ಗೆಳೆಯರೇ. ನನಗೆ ಹೆದರಿಕೆ ಆದದ್ದು ಗಣಿಯ ಪುಟಗಳಲ್ಲಿ ಅಲ್ಲ, ಆ ಕೈಗಳನ್ನು ಓದಿದಾಗ. ಬರೆದವನನ್ನೂ 1950ರಲ್ಲಿ ಪಕ್ಷ ಹೊರಗೆ ಹಾಕಿತ್ತು ಅನ್ನುವುದನ್ನು ನೆನಪಿಡಿ.

ಮೂಡಣದವಳು

ಎಲ್ಲ ಯುರೋಪಿನ ಸುತ್ತಲೇ ತಿರುಗುತ್ತಿದೆ, ಅಲ್ವಾ? ಏಷ್ಯಾ ಕಡೆಯೂ ಸ್ವಲ್ಪ ಬನ್ನಿ.

1984ರ ‘ದ ಕಿಲ್ಲಿಂಗ್ ಫೀಲ್ಡ್ಸ್’. ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಗುಂಪು ಆಳಿದ 1975ರಿಂದ 1979ರ ಕಥೆ. ಅದರಲ್ಲಿ ಪತ್ರಕರ್ತ ಡಿತ್ ಪ್ರಾನ್ ಪಾತ್ರ ಮಾಡಿದ ಹೈಂಗ್ ಎಸ್. ಙೋರ್ ನಟನಲ್ಲ, ವೈದ್ಯ. ಖ್ಮೇರ್ ರೂಜ್ ಶಿಬಿರಗಳಿಂದ ಬದುಕಿ ಬಂದವನು. ಓದಿದವರನ್ನು ಕೊಲ್ಲುತ್ತಿದ್ದ ಕಾಲ, ಹಾಗಾಗಿ ತಾನು ವೈದ್ಯ ಅಂತ ಬಾಯಿ ಬಿಡುವ ಹಾಗಿರಲಿಲ್ಲ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ ಪಕ್ಕದಲ್ಲೇ ಇದ್ದ. ಆ ಪಾತ್ರಕ್ಕೆ ಅವನಿಗೆ ಆಸ್ಕರ್ ಬಂತು. ಅವನ ಮುಖವನ್ನು ನೋಡುವಾಗ ‘ನಟನೆ’ ಅನ್ನುವ ಪದವೇ ನನಗೆ ನಾಲಿಗೆಗೆ ಬರುವುದಿಲ್ಲ.

ಅಲ್ಲಿ ಹಾಡಿಗೆ ಏನಾಯಿತು ಅಂತಲೂ ಹೇಳಬೇಕು. ಅರವತ್ತರ ದಶಕದ ಕಾಂಬೋಡಿಯಾದಲ್ಲಿ ಭರ್ಜರಿ ರಾಕ್ ಸಂಗೀತ ಇತ್ತು. ಸಿನ್ ಸಿಸಮುತ್, ರೋಸ್ ಸೆರೆಸೊಥಿಯಾ. ಯಾರನ್ನೂ ಬೈದ ಹಾಡುಗಳಲ್ಲ, ಪ್ರೀತಿ ಪ್ರೇಮದ ಹಾಡುಗಳು. 1975ರ ನಂತರ ಆ ಗಾಯಕರು ವಾಪಸ್ ಬರಲೇ ಇಲ್ಲ. ವಿರೋಧಿ ಹಾಡು ಅಂದರೆ ಏನು ಅಂತ ಕೇಳುವವರು ಇದಕ್ಕೆ ಯಾವ ಚೀಟಿ ಅಂಟಿಸುತ್ತಾರೆ?

ಚೀನಾದ್ದು ಇನ್ನೊಂದು ಥರ. ಲಿಯು ಸಿಶಿನ್‌ನ ‘ತ್ರೀ-ಬಾಡಿ ಪ್ರಾಬ್ಲಂ’ ಇಂಗ್ಲಿಷಿನಲ್ಲಿ ಓದಿದವರಿಗೆ ಗೊತ್ತು, ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಒಬ್ಬ ಭೌತಶಾಸ್ತ್ರ ಪ್ರೊಫೆಸರ್‌ನನ್ನು ವೇದಿಕೆ ಮೇಲೆ ಹೊಡೆದು ಕೊಲ್ಲುವುದರಿಂದ ಅದು ಶುರುವಾಗುತ್ತದೆ. 2008ರ ಚೀನೀ ಪುಸ್ತಕದಲ್ಲಿ ಆ ಭಾಗ ಮೊದಲಲ್ಲಿ ಇಲ್ಲ, ನಡುವೆ ಎಲ್ಲೋ ಇದೆ. ಕಣ್ಣಿಗೆ ಬೀಳದಿರಲಿ ಅಂತ ಅಲ್ಲಿಟ್ಟರು. 2014ರ ಇಂಗ್ಲಿಷ್ ಅನುವಾದದಲ್ಲಿ ಲೇಖಕನ ಒಪ್ಪಿಗೆಯಿಂದಲೇ ಮೊದಲಿಗೆ ತಂದರು. ಒಂದು ಅಕ್ಷರವೂ ಅಳಿಸದೆ, ಜಾಗ ಬದಲಿಸಿಯೇ ಒಂದು ದೃಶ್ಯದ ದನಿ ತಗ್ಗಿಸಬಹುದು.

ಅಡ್ಡಪ್ರಶ್ನೆ

ಹಾಲಿವುಡ್‌ಗೆ ಈಗ ಚೀನಾ ಅಂದರೆ ಟಿಕೆಟ್ ಕೌಂಟರ್ ಮಾತ್ರ ನೆನಪಾಗುವುದು. 1984ರ ‘ರೆಡ್ ಡಾನ್’ನಲ್ಲಿ ಸೋವಿಯತ್ ಸೇನೆ ಅಮೆರಿಕದ ಸಣ್ಣ ಪಟ್ಟಣಕ್ಕೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. 2012ರಲ್ಲಿ ಅದನ್ನೇ ಮತ್ತೆ ಮಾಡಿದಾಗ ಶತ್ರು ಚೀನಾ. ಚಿತ್ರೀಕರಣವೆಲ್ಲ ಮುಗಿದ ಮೇಲೆ ಚೀನಾದ ಮಾರುಕಟ್ಟೆ ನೆನಪಾಯಿತು. ಕಂಪ್ಯೂಟರಿನಲ್ಲಿ ಬಾವುಟಗಳನ್ನೆಲ್ಲ ಬದಲಿಸಿ ಉತ್ತರ ಕೊರಿಯಾ ಮಾಡಿದರು. ಶತ್ರುವನ್ನೇ ಹೀಗೆ ಬದಲಿಸಬಹುದು ಅಂದರೆ ಆ ಸಿನಿಮಾಕ್ಕೆ ಶತ್ರುವಿನ ಬಗ್ಗೆ ಏನು ಗೊತ್ತಿತ್ತು?

ಜೇಮ್ಸ್ ಬಾಂಡ್ ಈ ವಿಷಯದಲ್ಲಿ ಜಾಣ. ‘ಫ್ರಮ್ ರಷ್ಯಾ ವಿತ್ ಲವ್’ ಕಾದಂಬರಿಯಲ್ಲಿ ಬಾಂಡ್‌ಗೆ ಬಲೆ ಹಾಕುವವರು ಸೋವಿಯತ್ ಗುಪ್ತಚರರು. 1963ರ ಸಿನಿಮಾದಲ್ಲಿ ಆ ಜಾಗಕ್ಕೆ ಯಾವ ದೇಶಕ್ಕೂ ಸೇರದ ‘ಸ್ಪೆಕ್ಟರ್’ ಬಂತು.

ರೀಲುಹುಳ

ಈಗ ನನ್ನದೇ ಸಿನಿಮಾಕ್ಕೆ ವಾಪಸ್. ಹುಡುಕಿ ಓದಿದೆ, ಸ್ವಲ್ಪ ಬೇಜಾರಾಯಿತು.

‘ದ ಲೈವ್ಸ್ ಆಫ್ ಅದರ್ಸ್’ ತಂಡ ಬರ್ಲಿನ್‌ನ ಹೋಹೆನ್‌ಶೋನ್‌ಹೌಸೆನ್‌ನಲ್ಲಿ ಚಿತ್ರೀಕರಣಕ್ಕೆ ಅನುಮತಿ ಕೇಳಿತ್ತಂತೆ. ಅದು ಸ್ಟಾಸಿಯ ಹಳೆಯ ಜೈಲು, ಈಗ ಸ್ಮಾರಕ. ಅಲ್ಲಿನ ನಿರ್ದೇಶಕ ಆಗಲ್ಲ ಅಂದ. ಕಾರಣ ಸರಳ. ತಾನು ಕಣ್ಣಿಟ್ಟವರನ್ನು ಉಳಿಸಲು ಮೇಲಿನವರಿಗೇ ಸುಳ್ಳು ವರದಿ ಕೊಟ್ಟ ಸ್ಟಾಸಿ ಅಧಿಕಾರಿ ಇತಿಹಾಸದಲ್ಲಿ ಒಬ್ಬನೂ ಇಲ್ಲ. ಇಂಥವನನ್ನು ಹೀರೋ ಮಾಡಿದರೆ ಅಲ್ಲಿ ಕೈದಿಗಳಾಗಿದ್ದವರಿಗೆ ಅವಮಾನ ಅನ್ನುವುದು ಅವನ ವಾದ. ಸಿನಿಮಾ ಮಾಡಿದ ನಿರ್ದೇಶಕ ಪಶ್ಚಿಮ ಜರ್ಮನಿಯಲ್ಲಿ ಹುಟ್ಟಿದವನು. ಆ ಅಧಿಕಾರಿಯ ಪಾತ್ರ ಮಾಡಿದ ಉಲ್ರಿಶ್ ಮ್ಯೂಹೆ ಮಾತ್ರ ಪೂರ್ವದವನು.

ಹಾಗಾದರೆ ನನ್ನ ನಿದ್ದೆ ಕೆಡಿಸಿದ್ದು ಹೊರಗಿನವನ ಕಥೆ. ಹಳೇಪುಸ್ತಕ ಅವರೇ, ಈಗ ಏನು ಹೇಳುತ್ತೀರಿ?

ಹಳೇಪುಸ್ತಕ

ಸಿಕ್ಕಿಬಿದ್ದೆ, ಒಪ್ಪುತ್ತೇನೆ. ಆದರೂ ಒಂದು ಮಾತು. ಆ ಸಿನಿಮಾದ ಕಥೆ ಹೊರಗಿನವನದು, ಮುಖ ಒಳಗಿನವನದು. ನೀವು ನಿದ್ದೆ ಕೆಟ್ಟದ್ದು ಕಥೆಗಾ, ಹೆಡ್‌ಫೋನ್ ಹಾಕಿಕೊಂಡ ಆ ಮುಖಕ್ಕಾ?

ರೀಲುಹುಳ

ಮುಖಕ್ಕೆ. ಬಿಡಿ, ಗೆದ್ದಿರಿ.

ಕ್ಯಾಸೆಟ್ಟು

ಹಾಡಿನ ವಿಷಯ ಯಾರಾದರೂ ಎತ್ತುತ್ತಾರೆ ಅಂತ ಕಾದೆ. ಮೂಡಣದವಳು ಒಬ್ಬರು ಮುಟ್ಟಿದರು. ಉಳಿದದ್ದು ನನ್ನ ಪಾಲು, ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ಸೋವಿಯತ್ ಒಕ್ಕೂಟದಲ್ಲಿ ನಲವತ್ತರ ದಶಕದ ಕೊನೆಯಿಂದ ಜಾಜ್, ಆಮೇಲೆ ರಾಕ್ ಅಂಡ್ ರೋಲ್ ಕದ್ದು ಕೇಳಬೇಕಿತ್ತು. ರೆಕಾರ್ಡ್ ಮಾಡಲು ಪ್ಲಾಸ್ಟಿಕ್ ಎಲ್ಲಿಂದ ತರುವುದು? ಆಸ್ಪತ್ರೆಗಳು ಎಸೆದ ಎಕ್ಸ್‌ರೇ ಹಾಳೆ ತಂದು, ದುಂಡಗೆ ಕತ್ತರಿಸಿ, ನಡುವೆ ತೂತು ಮಾಡಿ, ಅದರ ಮೇಲೆ ಹಾಡು ಕೊರೆಯುತ್ತಿದ್ದರು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು ಕಾಣುತ್ತದೆ. ಅದಕ್ಕೆ ‘ಮೂಳೆ’ ಅಂತಲೇ ಹೆಸರು. ಅದರೊಳಗಿನ ಹಾಡು ಯಾವ ಸರ್ಕಾರವನ್ನೂ ಬೈಯುತ್ತಿರಲಿಲ್ಲ. ಕುಣಿಯುವ ಹಾಡು, ಅಷ್ಟೇ.

ಚೆಕ್ ದೇಶದ ‘ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್’ ತಂಡವೂ ರಾಜಕೀಯದ ತಂಡ ಅಲ್ಲ. ಉದ್ದ ಕೂದಲು, ವಿಚಿತ್ರ ಸಂಗೀತ. ಲೈಸೆನ್ಸ್ ಕಿತ್ತುಕೊಂಡರು, ತೋಟದ ಮನೆಗಳಲ್ಲಿ ನುಡಿಸಿದರು. 1976ರಲ್ಲಿ ಅವರನ್ನೂ ಜೊತೆಯವರನ್ನೂ ಹಿಡಿದು ನಾಲ್ವರಿಗೆ ಜೈಲು. ವಿಚಾರಣೆ ನೋಡಲು ಬಂದವರಲ್ಲಿ ನಾಟಕಕಾರ ವಾಕ್ಲಾವ್ ಹಾವೆಲ್ ಇದ್ದ. ಬರೀ ಹಾಡಿದ್ದಕ್ಕೆ ಜೈಲು ಅಂದರೆ ನಾಳೆ ಯಾರಿಗೂ ಉಳಿಗಾಲ ಇಲ್ಲ ಅಂತ ಅವನಿಗೆ, ಉಳಿದವರಿಗೆ ಅನ್ನಿಸಿತು. ಕೆಲವೇ ತಿಂಗಳಲ್ಲಿ ಮಾನವ ಹಕ್ಕು ಕೇಳುವ ‘ಚಾರ್ಟರ್ 77’ ಅನ್ನುವ ಮನವಿ ಬಂತು. 1989ರ ಕೊನೆಯಲ್ಲಿ ಹಾವೆಲ್ ದೇಶದ ಅಧ್ಯಕ್ಷ. ತಮಗೆ ಬೇಕಾದ ವಿರೋಧಿಗಳನ್ನು ಆ ಸರ್ಕಾರ ತಾನೇ ತಯಾರು ಮಾಡಿಕೊಂಡಿತು.

ಇನ್ನು ಜರ್ಮನ್ ಹಾಡುಗಾರ ವೋಲ್ಫ್ ಬಿಯರ್ಮನ್. ಅಪ್ಪ ಕಮ್ಯುನಿಸ್ಟ್, ಯಹೂದಿ, ಆಷ್‌ವಿಟ್ಜ್‌ನಲ್ಲಿ ಸತ್ತವನು. ಮಗ 1953ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಹ್ಯಾಂಬರ್ಗ್ ಬಿಟ್ಟು ತಾನೇ ಇಷ್ಟಪಟ್ಟು ಪೂರ್ವ ಜರ್ಮನಿಗೆ ಹೋದ. ಜನ ಅಲ್ಲಿಂದ ಈ ಕಡೆ ಓಡುತ್ತಿದ್ದಾಗ ಇವನು ಆ ಕಡೆ. ಗಿಟಾರ್ ಹಿಡಿದು ನೀವು ಹೇಳಿದ್ದು ಇದಲ್ಲ ಅಂತ ಹಾಡಿದ. 1965ರಿಂದ ವೇದಿಕೆ ಹತ್ತುವ ಹಾಗಿಲ್ಲ. 1976ರಲ್ಲಿ ಪಶ್ಚಿಮದ ಕಲೋನ್‌ನಲ್ಲಿ ಹಾಡಲು ಬಿಟ್ಟರು. ಹಾಡಿ ಮೂರು ದಿನಕ್ಕೆ, ನಿನ್ನ ಪೌರತ್ವ ರದ್ದು, ವಾಪಸ್ ಬರಬೇಡ. ಹಳೇಪುಸ್ತಕದವರ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅಡ್ಡಪ್ರಶ್ನೆ

ಜರ್ಮನ್ ರಾಕ್ ತಂಡ ಸ್ಕಾರ್ಪಿಯನ್ಸ್‌ನ ‘ವಿಂಡ್ ಆಫ್ ಚೇಂಜ್’ ಹೇಳಲಿಲ್ಲ? ಗೋಡೆ ಬೀಳಿಸಿದ ಹಾಡು ಅಂತಾರಲ್ಲ.

ಕ್ಯಾಸೆಟ್ಟು

ಗೋಡೆ ಬಿದ್ದದ್ದು 1989ರ ನವೆಂಬರ್ 9. ಆ ಹಾಡಿನ ಆಲ್ಬಂ ಬಂದದ್ದು 1990ರ ಕೊನೆಗೆ. ಬಿದ್ದ ಗೋಡೆಯನ್ನು ಬೀಳಿಸುವುದು ಹೇಗೆ? ಅದನ್ನು ಸಿಐಎ ಬರೆಸಿತು ಅನ್ನುವ ಗಾಳಿಸುದ್ದಿಯನ್ನು ಬೆನ್ನುಹತ್ತಿ 2020ರಲ್ಲಿ ಒಂದು ಇಡೀ ಪಾಡ್‌ಕಾಸ್ಟ್ ಬಂತು. ಹಾಡು ಬರೆದವನೇ ನಕ್ಕುಬಿಟ್ಟ.

ಬೇಕಾದರೆ ಅಮೆರಿಕದ ರಾಕ್ ಗಾಯಕ ಸ್ಪ್ರಿಂಗ್‌ಸ್ಟೀನ್‌ನ ಹೆಸರು ತೆಗೆದುಕೊಳ್ಳಿ. 1988ರ ಜುಲೈ 19, ಪೂರ್ವ ಬರ್ಲಿನ್. ಕರೆಸಿದ್ದೇ ಪಕ್ಷದ ಯುವ ಸಂಘಟನೆ. ಲಕ್ಷಕ್ಕೂ ಜಾಸ್ತಿ ಜನ. ಟಿಕೆಟ್ ಮೇಲೆ ತನಗೆ ಹೇಳದೆ ನಿಕರಾಗುವಾ ಪರ ಕಛೇರಿ ಅಂತ ಅಚ್ಚು ಹಾಕಿದ್ದು ನೋಡಿ ಅವನಿಗೆ ಸಿಟ್ಟು ಬಂತು. ನಾನು ಯಾವ ಸರ್ಕಾರದ ಪರವೂ ಬಂದಿಲ್ಲ, ವಿರುದ್ಧವೂ ಬಂದಿಲ್ಲ, ಒಂದು ದಿನ ಅಡ್ಡಗೋಡೆಗಳೆಲ್ಲ ಬೀಳಲಿ ಅಂತ ಜರ್ಮನ್‌ನಲ್ಲೇ ನಾಲ್ಕು ಮಾತು ಓದಿದ. ಅದರಿಂದಲೇ ಗೋಡೆ ಬಿತ್ತು ಅಂದರೆ ಅತಿ ಆಯಿತು.

ಮೂಡಣದವಳು

ಗೋಡೆ ಅಂದಾಗ ನೆನಪಾಯಿತು. ಪೋಲೆಂಡಿನಲ್ಲಿ ಗೋಡೆ ಅಂತಲೇ ಒಂದು ಹಾಡು ಇತ್ತಲ್ಲ? ಸಾಲಿಡಾರಿಟಿಯವರು ಹಾಡುತ್ತಿದ್ದದ್ದು?

ಕ್ಯಾಸೆಟ್ಟು

‘ಮುರಿ’. ಗೋಡೆಗಳು ಅಂತಲೇ ಅರ್ಥ. ಯಾಟ್ಸೆಕ್ ಕಾಚ್ಮಾರ್ಸ್ಕಿ 1978ರಲ್ಲಿ ಬರೆದದ್ದು, ಆಗ ಅವನಿಗೆ ಇಪ್ಪತ್ತೊಂದು. ರಾಗ ಅವನದಲ್ಲ. ಸ್ಪೇನಿನ ಕ್ಯಾಟಲೋನಿಯಾದ ಯುಯಿಸ್ ಯಾಕ್ 1968ರಲ್ಲಿ ಹಾಡಿದ ‘ಲೆಸ್ತಾಕಾ’ದ ರಾಗ. ಆ ಮೂಲ ಹಾಡು ಇದ್ದದ್ದು ಫ್ರಾಂಕೋ ವಿರುದ್ಧ, ಅಂದರೆ ಕಮ್ಯುನಿಸ್ಟರನ್ನು ಬೇಟೆಯಾಡುತ್ತಿದ್ದ ಸರ್ವಾಧಿಕಾರಿಯ ವಿರುದ್ಧ. ಅದೇ ರಾಗ ಹತ್ತು ವರ್ಷಕ್ಕೆ ಪೋಲೆಂಡಿಗೆ ಬಂದು ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ತಿರುಗಿತು. 2020ರಲ್ಲಿ ಬೆಲರೂಸ್‌ನ ಬೀದಿಗಳಲ್ಲೂ ಕೇಳಿಸಿತು.

ರೀಲು‌ಹುಳ

‘ಹೈ ನೂನ್’ ಪೋಸ್ಟರಿನ ಅಣ್ಣನೇ ಇದು! ಸಾಹಿತ್ಯ ಏನು? ಗೋಡೆ ಬೀಳುತ್ತದೆ, ಸಂಕೋಲೆ ಕಳಚುತ್ತದೆ, ಇಂಥದ್ದಾ?

ಕ್ಯಾಸೆಟ್ಟು

ಪಲ್ಲವಿ ಅದೇ. ಜನ ಹಾಡಿದ್ದೂ ಅಷ್ಟನ್ನೇ. ಆದರೆ ಪೂರ್ತಿ ಹಾಡು ಬೇರೆ ಕಥೆ ಹೇಳುತ್ತದೆ. ಅದರಲ್ಲಿ ಒಬ್ಬ ಗಾಯಕ ಇದ್ದಾನೆ. ಅವನು ಹಾಡುತ್ತಾನೆ, ಸಾವಿರಾರು ಜನ ದೀಪ ಹಿಡಿದು ದನಿಗೂಡಿಸುತ್ತಾರೆ. ಹಾಡು ಅವನ ಕೈಬಿಟ್ಟು ಜನರದಾಗುತ್ತದೆ. ಜನ ಬೀದಿಗೆ ಇಳಿಯುತ್ತಾರೆ, ಪ್ರತಿಮೆಗಳನ್ನು ಉರುಳಿಸುತ್ತಾರೆ. ಇವನು ನಮ್ಮವನು, ಅವನು ನಮ್ಮವನಲ್ಲ ಅನ್ನಲು ಶುರುಮಾಡುತ್ತಾರೆ. ಒಂಟಿಯಾಗಿ ನಿಂತವನೇ ನಮ್ಮ ದೊಡ್ಡ ಶತ್ರು ಅಂತ ಕೂಗುತ್ತಾರೆ. ಗಾಯಕನೂ ಒಂಟಿಯೇ.

ಕೊನೆಯ ಸಲ ಪಲ್ಲವಿ ಬರುವಾಗ ಮಾತು ತಿರುಗುತ್ತದೆ. ಗಾಯಕ ಒಬ್ಬನೇ ನಿಂತು, ಸರಿಯುವ ಗುಂಪಿನ ಹೆಜ್ಜೆಸದ್ದು ಕೇಳುತ್ತಾನೆ. ಗೋಡೆ ಬೆಳೆಯುತ್ತಿದೆ. ಸಂಕೋಲೆ ಕಾಲಲ್ಲೇ ತೂಗುತ್ತಿದೆ.

ಸಾಲಿಡಾರಿಟಿಯ ಸಭೆಗಳಲ್ಲಿ ಆ ಕೊನೆಯ ಸಾಲು ಬಿಟ್ಟೇ ಹಾಡುತ್ತಿದ್ದರು. ಹಾಡಿನೊಳಗೆ ಏನಾಗುತ್ತದೆ ಅಂತ ಬರೆದಿದ್ದನೋ, ಹಾಡಿಗೂ ಅದೇ ಆಯಿತು.